ಸಹಭಾಗಿ ವಿಡಿಯೋ: ನೋಡಲ್ಪಡುವವರು ನೋಡುವವರಾದ ಬಗೆ

ಮಾನವನು ತನ್ನ ಅನುಭವವನ್ನು ಮತ್ತೊಬ್ಬನಿಗೆ ತಿಳಿಸಲು ಕಂಡುಕೊಂಡ ಸಾಧನಗಳಲ್ಲಿ ಮಾತು ಮೊದಲನೆಯದು, ಅಕ್ಷರ ಅನಂತರದ್ದು. ಮಾತು ಎಲ್ಲರ ಸೊತ್ತು; ಅಕ್ಷರವಾದರೋ ಬಹುಕಾಲ ಕೆಲವರ ಸೊತ್ತಾಗಿಯೇ ಉಳಿಯಿತು. ಅಕ್ಷರವನ್ನು ಬಲ್ಲವನು ಅರ್ಜಿಯನ್ನು ಬರೆದನು, ಲೆಕ್ಕವನ್ನು ಬರೆದನು, ಇತಿಹಾಸವನ್ನೂ ಬರೆದನು. ಅದನ್ನರಿಯದವನು ಆ ಅರ್ಜಿಯ ಕೆಳಗೆ ಹೆಬ್ಬೆಟ್ಟಿನ ಗುರುತಾಗಿ, ಆ ಲೆಕ್ಕದಲ್ಲಿ ಬಾಕಿದಾರನಾಗಿ, ಆ ಇತಿಹಾಸದಲ್ಲಿ ಹೆಸರಿಲ್ಲದವನಾಗಿ ಉಳಿದನು. ವಿದ್ಯಾಸಂಸ್ಥೆಗಳು ಹಳ್ಳಿಹಳ್ಳಿಗಳಲ್ಲಿ ತಲೆಯೆತ್ತಿ, ಅನ್ನ ವಸತಿಗಳನ್ನಿತ್ತು ಬಡಮಕ್ಕಳನ್ನು ಓದಿಸಿದ್ದರಿಂದ ಈ ಅಂತರ ಬಹುಮಟ್ಟಿಗೆ ಕಡಿಮೆಯಾಗಿದೆ. ಆದರೂ 2011ರ ಜನಗಣತಿಯಂತೆ ನಮ್ಮ ಹಾಸನ ಜಿಲ್ಲೆಯಲ್ಲಿ ಸಾಕ್ಷರರ ಪ್ರಮಾಣ ಶೇ. 76ರ ಸುಮಾರಿನಲ್ಲಿದ್ದಿತು. ಅಂದರೆ ನಾಲ್ವರಲ್ಲಿ ಒಬ್ಬರು ತಮ್ಮ ಕಷ್ಟವನ್ನು ತಾವೇ ಬರೆದು ತಿಳಿಸಲಾರದ ಸ್ಥಿತಿಯಲ್ಲಿದ್ದರು.

ಇಂತಹವರು ಅಕ್ಷರ ಕಲಿಯುವವರೆಗೆ ತಮ್ಮ ಮಾತನ್ನು ತಡೆದಿಟ್ಟುಕೊಳ್ಳಬೇಕೆ? ಅವರ ಅನುಭವವನ್ನು ಅವರ ಮಾತಿನಲ್ಲಿಯೇ, ಅವರ ಕಣ್ಣಿಗೆ ಕಂಡಂತೆಯೇ ಲೋಕದ ಮುಂದಿಡುವ ಬೇರೊಂದು ದಾರಿ ಇಲ್ಲವೆ? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದು 'ಸಹಭಾಗಿ ವಿಡಿಯೋ' ಎಂಬ ವಿಧಾನ. ಅದರ ಹುಟ್ಟು, ನಮ್ಮ ನಾಡಿನಲ್ಲಿ ಅದು ಬೆಳೆದ ಬಗೆ, ಅದರ ಶಕ್ತಿ ಹಾಗೂ ಮಿತಿಗಳನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶವಾಗಿದೆ.

ಸಹಭಾಗಿ ವಿಡಿಯೋ ಎಂದರೇನು?

ಸಾಮಾನ್ಯವಾಗಿ ಸಾಕ್ಷ್ಯಚಿತ್ರವೊಂದನ್ನು ತಯಾರಿಸುವಾಗ ಪಟ್ಟಣದಿಂದ ತಂಡವೊಂದು ಹಳ್ಳಿಗೆ ಬರುತ್ತದೆ. ಯಾರು ಮಾತನಾಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೇಳಬೇಕು ಎಂಬುದನ್ನು ಆ ತಂಡವೇ ನಿರ್ಧರಿಸುತ್ತದೆ. ಚಿತ್ರೀಕರಣ ಮುಗಿದೊಡನೆ ತಂಡ ಹಿಂದಿರುಗುತ್ತದೆ. ಸಂಕಲನ ಪಟ್ಟಣದಲ್ಲಿ, ಪ್ರದರ್ಶನವೂ ಪಟ್ಟಣದಲ್ಲಿ. ಚಿತ್ರದಲ್ಲಿ ಕಾಣಿಸಿಕೊಂಡವನಿಗೆ ಆ ಚಿತ್ರವನ್ನು ನೋಡುವ ಭಾಗ್ಯ ದೊರೆಯುವುದು ವಿರಳ. ತಂಡದವರ ಉದ್ದೇಶ ಒಳ್ಳೆಯದೇ ಇರಬಹುದು; ಆದರೆ ಆ ವ್ಯವಸ್ಥೆಯಲ್ಲಿ ಬಡವನು ನೋಡಲ್ಪಡುವ ವಸ್ತುವೇ ಹೊರತು ನೋಡುವ ವ್ಯಕ್ತಿಯಲ್ಲ.

ಸಹಭಾಗಿ ವಿಡಿಯೋದಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಇಲ್ಲಿ ಕ್ಯಾಮರಾ ಸಮುದಾಯದವರ ಕೈಯಲ್ಲಿರುತ್ತದೆ. ವಿಷಯವನ್ನು ಆರಿಸುವವರು ಅವರೇ, ಚಿತ್ರಿಸುವವರು ಅವರೇ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವರೂ ಅವರೇ. ಹೊರಗಿನಿಂದ ಬಂದವರು ಯಂತ್ರದ ಬಳಕೆಯನ್ನು ಹೇಳಿಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ. ತಯಾರಾದ ಚಿತ್ರ ಮೊದಲು ಊರಿನಲ್ಲಿಯೇ ಪ್ರದರ್ಶಿತವಾಗುತ್ತದೆ, ಚರ್ಚೆಯಾಗುತ್ತದೆ, ಊರವರು ಒಪ್ಪಿದ ಮೇಲಷ್ಟೇ ಹೊರಗೆ ಹೋಗುತ್ತದೆ. ಆದುದರಿಂದ ಇಲ್ಲಿ ಸಿದ್ಧವಾದ ಚಿತ್ರಕ್ಕಿಂತಲೂ ಅದನ್ನು ಸಿದ್ಧಪಡಿಸುವಾಗ ಜನರು ಒಟ್ಟಿಗೆ ಕುಳಿತು ತಮ್ಮ ಸ್ಥಿತಿಯನ್ನು ಕುರಿತು ಆಲೋಚಿಸಿದ ಕ್ರಿಯೆಯೇ ಮುಖ್ಯವೆಂದು ಹೇಳಬಹುದು.

ಫೋಗೋ ದ್ವೀಪದ ಪಾಠ

ಈ ವಿಧಾನದ ಮೂಲವನ್ನು ಹುಡುಕುತ್ತ ಹೋದರೆ ನಾವು ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತದ ಫೋಗೋ ಎಂಬ ಪುಟ್ಟ ದ್ವೀಪವನ್ನು ತಲಪುತ್ತೇವೆ. ಮೀನುಗಾರಿಕೆಯನ್ನೇ ನಂಬಿದ್ದ ಆ ದ್ವೀಪದ ಜನ 1960ರ ದಶಕದಲ್ಲಿ ಕಡುಬಡತನಕ್ಕೆ ಸಿಕ್ಕಿದ್ದರು. ಚದುರಿದ ಸಣ್ಣ ಊರುಗಳ ಜನರನ್ನು ಬೇರೆಡೆಗೆ ಸ್ಥಳಾಂತರಿಸುವ ಯೋಜನೆ ಸರ್ಕಾರದ ಮುಂದಿದ್ದಿತು. ದ್ವೀಪದ ಊರುಗಳ ನಡುವೆಯೇ ಪರಸ್ಪರ ಸಂಪರ್ಕ ಕಡಿಮೆ, ಪಂಥಭೇದಗಳೂ ಇದ್ದವು. ಹೀಗಾಗಿ ಒಟ್ಟಾಗಿ ನಿಂತು ಉತ್ತರ ಕೊಡಬಲ್ಲ ಶಕ್ತಿ ಅವರಲ್ಲಿ ಕಾಣುತ್ತಿರಲಿಲ್ಲ.

1967ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಲಿಯ ಕಾಲಿನ್ ಲೋ ಎಂಬ ನಿರ್ದೇಶಕರೂ ಮೆಮೋರಿಯಲ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಸ್ನೋಡನ್ ಎಂಬುವರೂ ಅಲ್ಲಿಗೆ ಹೋದರು. ದ್ವೀಪವನ್ನು ಕುರಿತು ಒಂದು ದೊಡ್ಡ ಚಿತ್ರವನ್ನು ಮಾಡುವ ಬದಲು, ಒಬ್ಬೊಬ್ಬರ ಮಾತನ್ನು, ಒಂದೊಂದು ಸಂದರ್ಭವನ್ನು ಬೇರೆಬೇರೆಯಾಗಿ ಚಿತ್ರಿಸಿದ ಹಲವಾರು ಕಿರುಚಿತ್ರಗಳನ್ನು ಅವರು ಮಾಡಿದರು. ಆ ಚಿತ್ರಗಳನ್ನು ಊರಿಂದ ಊರಿಗೆ ಒಯ್ದು ತೋರಿಸಿದರು. ತಮ್ಮ ಕಷ್ಟವೇ ಪಕ್ಕದ ಊರಿನವರ ಕಷ್ಟವೂ ಆಗಿದೆಯೆಂಬುದು ಅಲ್ಲಿನವರಿಗೆ ತೆರೆಯ ಮೇಲೆ ಗೋಚರಿಸಿತು. ಅನಂತರ ಚಿತ್ರಗಳನ್ನು ಅಧಿಕಾರದಲ್ಲಿದ್ದವರಿಗೆ ತೋರಿಸಿ, ಅವರ ಪ್ರತಿಕ್ರಿಯೆಯನ್ನೂ ಚಿತ್ರಿಸಿಕೊಂಡು ಮತ್ತೆ ದ್ವೀಪಕ್ಕೆ ತರಲಾಯಿತು. ಮುಖಾಮುಖಿ ಮಾತನಾಡಲು ಅಂಜುತ್ತಿದ್ದವರ ನಡುವೆ ಚಿತ್ರವು ದೂತನಂತೆ ಹೋಗಿಬಂದಿತು.

ಫೋಗೋ ದ್ವೀಪದ ಜನ ಸ್ಥಳಾಂತರಗೊಳ್ಳಲಿಲ್ಲ. ಸಹಕಾರ ಸಂಘವೊಂದನ್ನು ಕಟ್ಟಿಕೊಂಡು ಮೀನುಗಾರಿಕೆಯನ್ನು ಉಳಿಸಿಕೊಂಡರು. ಇದೆಲ್ಲವೂ ಚಿತ್ರದಿಂದಲೇ ಆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ದ್ವೀಪದವರ ಛಲವೇ ಮೂಲಕಾರಣ. ಆದರೆ ಚದುರಿದ ಛಲವನ್ನು ಒಂದುಗೂಡಿಸಿದ ಸಾಧನಗಳಲ್ಲಿ ಚಿತ್ರಕ್ಕೂ ಪಾಲಿದೆ. ಮುಂದೆ 'ಫೋಗೋ ಕ್ರಮ' ಎಂಬ ಹೆಸರಿನಿಂದಲೇ ಈ ವಿಧಾನ ಪ್ರಸಿದ್ಧವಾಯಿತು.

ಭಾರತದಲ್ಲಿ ಬೀಜಾಂಕುರ

ನಮ್ಮ ದೇಶದಲ್ಲಿ ಹಳ್ಳಿಗರ ಹಿತಕ್ಕಾಗಿ ಟೆಲಿವಿಷನ್ನನ್ನು ಬಳಸುವ ದೊಡ್ಡ ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಮುಟ್ಟಿಸಲಾಯಿತು. 'ಸೈಟ್' ಎಂದು ಹೆಸರಾದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಶಿಕ್ಷಣಗಳನ್ನು ಕುರಿತ ಕಾರ್ಯಕ್ರಮಗಳನ್ನು ನೋಡಲು ಊರಿಗೆ ಊರೇ ಒಂದು ಪೆಟ್ಟಿಗೆಯ ಮುಂದೆ ನೆರೆಯುತ್ತಿದ್ದಿತು.

ಇದರಲ್ಲಿ ನಮ್ಮ ಜಿಲ್ಲೆಯ ಪಾತ್ರ ಮುಂದಿನ ಹಂತದ್ದು. ಇನ್ಸಾಟ್ ಉಪಗ್ರಹಗಳ ನಿಯಂತ್ರಣಕ್ಕಾಗಿ 1982ರಲ್ಲಿ ಹಾಸನದಲ್ಲಿ ಪ್ರಧಾನ ನಿಯಂತ್ರಣ ಕೇಂದ್ರ ಸ್ಥಾಪನೆಯಾಯಿತು. ದೇಶದ ಮೂಲೆಮೂಲೆಗೆ ಚಿತ್ರವನ್ನು ಒಯ್ಯುವ ಉಪಗ್ರಹಗಳನ್ನು ಆಕಾಶದಲ್ಲಿ ಅವುಗಳ ಸ್ಥಾನದಲ್ಲಿ ನಿಲ್ಲಿಸುವ ಹೊಣೆ ನಮ್ಮ ಹಾಸನಕ್ಕೆ ಬಂದುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಉಪಗ್ರಹದ ಮೂಲಕ ಮಾತು ಮೇಲಿನಿಂದ ಕೆಳಕ್ಕೆ ಇಳಿಯಿತು; ಕೆಳಗಿನಿಂದ ಮೇಲಕ್ಕೆ ಏರಲಿಲ್ಲ. ಹಳ್ಳಿಯು ಕೇಳಿತು, ನೋಡಿತು, ಹೇಳಲಿಲ್ಲ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1975ರಲ್ಲಿ ಆರಂಭವಾದ ಸಂಪರ್ಕ ಯೋಜನೆ ಈ ಕೊರತೆಯನ್ನು ತುಂಬಲು ಯತ್ನಿಸಿತು. ಅಲ್ಲಿನ ಪೀಜ್ ಎಂಬ ಊರಿನ ಪ್ರಸಾರ ಕೇಂದ್ರದಿಂದ ಸ್ಥಳೀಯ ಭಾಷೆಯಲ್ಲಿ, ಹಳ್ಳಿಗರನ್ನೇ ಸೇರಿಸಿಕೊಂಡು ತಯಾರಿಸಿದ ಕಾರ್ಯಕ್ರಮಗಳು ಬಿತ್ತರಗೊಂಡವು.

ಅದೇ ಗುಜರಾತಿನ ಅಹಮದಾಬಾದಿನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟವರು 'ಸೇವಾ' ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘದವರು. 1984ರಲ್ಲಿ ಅಮೆರಿಕದ ಮಾರ್ಥಾ ಸ್ಟುವರ್ಟ್ ಎಂಬುವರು ಅಲ್ಲಿಗೆ ಬಂದು ಸಂಘದ ಮಹಿಳೆಯರಿಗೆ ವಿಡಿಯೋ ತರಬೇತಿ ನೀಡಿದರು. ತರಬೇತಿ ಪಡೆದವರಲ್ಲಿ ತರಕಾರಿ ಮಾರುವವರಿದ್ದರು, ಓದುಬರಹ ತಿಳಿಯದವರೂ ಇದ್ದರು. ಗುಂಡಿಯ ಮೇಲಿನ ಅಕ್ಷರವನ್ನು ಓದಲಾರದವರು ಅದರ ಆಕಾರವನ್ನೂ ಸ್ಥಾನವನ್ನೂ ನೆನಪಿಟ್ಟುಕೊಂಡು ಯಂತ್ರವನ್ನು ನಡೆಸಬಲ್ಲರೆಂಬುದು ಅಲ್ಲಿ ಸಿದ್ಧವಾಯಿತು. ಮಾಣೆಕ್ ಚೌಕದ ಬೀದಿಯಲ್ಲಿ ಕುಳಿತು ತರಕಾರಿ ಮಾರುವ ತಮ್ಮವರ ಬವಣೆಯನ್ನು ಅವರು ತಾವೇ ಚಿತ್ರಿಸಿದರು. ಅಕ್ಷರಕ್ಕೆ ಮುಂಚೆಯೇ ಅಭಿವ್ಯಕ್ತಿ ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗಡಿನಾಡಿನ ಹೊಲದಲ್ಲಿ

ನಮ್ಮ ಬೀದರ್ ಜಿಲ್ಲೆಯ ಗಡಿಗೆ ತಾಗಿಕೊಂಡಂತೆ ತೆಲಂಗಾಣದ ಜಹೀರಾಬಾದ್ ಪ್ರದೇಶವಿದೆ. ಅಲ್ಲಿನ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಸುತ್ತಲಿನ ಹಳ್ಳಿಗಳ ದಲಿತ ಹೆಣ್ಣುಮಕ್ಕಳನ್ನು ಸಂಘಗಳಾಗಿ ಕೂಡಿಸಿತು. ಬೀಳುಬಿದ್ದ ನೆಲವನ್ನು ಹಸನುಮಾಡಿ ಜೋಳ, ನವಣೆ, ಸಾಮೆ ಮುಂತಾದ ಸಿರಿಧಾನ್ಯಗಳನ್ನು ಮತ್ತೆ ಬೆಳೆದು, ಬೀಜವನ್ನು ತಮ್ಮ ಮನೆಯಲ್ಲಿಯೇ ಕಾಪಿಟ್ಟುಕೊಂಡ ಕೀರ್ತಿ ಈ ಮಹಿಳೆಯರದು. ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಅವರು ಮೈಸೂರಿನಲ್ಲಿ ಜನಿಸಿದವರು. ಅವರ ಹೆಸರಿನ ಮೊದಲಕ್ಷರ ನಮ್ಮ ಅರಕಲಗೂಡಿಗೆ ನೆರೆಯದಾದ ಪಿರಿಯಾಪಟ್ಟಣವನ್ನು ಸೂಚಿಸುತ್ತದೆ. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದ ಅವರಿಗೆ ಕ್ಯಾಮರಾದ ಶಕ್ತಿಯೂ ಗೊತ್ತಿದ್ದಿತು, ಅದರ ಹಿಂದೆ ನಿಲ್ಲುವವನ ಅಹಂಕಾರವೂ ಗೊತ್ತಿದ್ದಿತು. 2023ರ ಮಾರ್ಚ್‌ನಲ್ಲಿ ಅವರು ನಿಧನರಾದರು.

ಈ ಸಂಘಗಳ ಕೆಲವು ಮಹಿಳೆಯರು ವಿಡಿಯೋ ಕಲಿತರು. 2001ರಲ್ಲಿ ಅವರದೇ ಆದ ಸಮುದಾಯ ಮಾಧ್ಯಮ ಸಂಸ್ಥೆಯೊಂದು ರೂಪುಗೊಂಡಿತು. ಕೂಲಿ ಮಾಡುತ್ತಿದ್ದ ಕೈಗಳು ಬೀಜದ ಹಬ್ಬವನ್ನು, ಬೆಳೆಯ ಏಳುಬೀಳನ್ನು ಚಿತ್ರಿಸತೊಡಗಿದವು. ವಾರಂಗಲ್ ಜಿಲ್ಲೆಯಲ್ಲಿ ಬಿ.ಟಿ. ಹತ್ತಿ ಬಿತ್ತಿದ ರೈತರ ಅನುಭವವನ್ನು ಬಿತ್ತನೆಯ ಕಾಲದಿಂದ ಕಟಾವಿನವರೆಗೆ ಹಿಂಬಾಲಿಸಿ ಅವರು ಮಾಡಿದ ಚಿತ್ರ ಹೊರದೇಶಗಳ ಸಭೆಗಳಲ್ಲಿಯೂ ಪ್ರದರ್ಶಿತವಾಯಿತು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಇದೇ ಮಹಿಳೆಯರು ನಡೆಸುವ 'ಸಂಘಂ ರೇಡಿಯೋ' ಆರಂಭವಾಯಿತು.

ಈ ಮಹಿಳೆಯರು ಕ್ಯಾಮರಾದ ಕೋನಗಳಿಗೆ ಇಟ್ಟುಕೊಂಡ ಹೆಸರುಗಳು ವಿಚಾರಯೋಗ್ಯವಾಗಿವೆ. ಕ್ಯಾಮರಾವನ್ನು ಎತ್ತರದಲ್ಲಿರಿಸಿ ಕೆಳಗಿರುವವರನ್ನು ನೋಡಿದರೆ ಅದು 'ಪಟೇಲನ ಶಾಟ್'. ಏಕೆಂದರೆ ಊರಿನ ಪಟೇಲ ಕೂಲಿಯವರನ್ನು ನೋಡುವುದು ಹಾಗೆಯೇ. ನೆಲದ ಮಟ್ಟದಿಂದ ಮೇಲಿರುವವರನ್ನು ನೋಡಿದರೆ ಅದು 'ಜೀತದವನ ಶಾಟ್'. ಕಣ್ಣಿಗೆ ಕಣ್ಣು ಸಮನಾಗಿ ನೋಡಿದರೆ ಅದು 'ಸಂಘದ ಶಾಟ್'; ಏಕೆಂದರೆ ಸಂಘದಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುತ್ತಾರೆ. ಚಲನಚಿತ್ರ ಶಾಸ್ತ್ರದ ಪುಸ್ತಕಗಳಲ್ಲಿ ಈ ಕೋನಗಳಿಗೆ ಬೇರೆ ಹೆಸರುಗಳಿವೆ. ಆದರೆ ನೋಟಕ್ಕೂ ಅಧಿಕಾರಕ್ಕೂ ಇರುವ ನಂಟನ್ನು ಆ ಹೆಸರುಗಳು ಇಷ್ಟು ನೇರವಾಗಿ ಹೇಳಲಾರವು. ತಲೆಮಾರುಗಳಿಂದ ತಲೆಯೆತ್ತಿ ನೋಡುತ್ತಿದ್ದವರಿಗೆ ಮಾತ್ರ ಹೊಳೆಯಬಲ್ಲ ವ್ಯಾಖ್ಯಾನವಿದು.

ಕರ್ನಾಟಕದ ಎರಡು ಪ್ರಯೋಗಗಳು

ನಮ್ಮ ರಾಜ್ಯದಲ್ಲಿ ನಡೆದ ಎರಡು ಪ್ರಯತ್ನಗಳನ್ನು ಇಲ್ಲಿ ಹೆಸರಿಸಬೇಕು. ಮೊದಲನೆಯದು ಚಿತ್ರದ್ದಲ್ಲ, ಧ್ವನಿಯದು. ಆದರೆ ತತ್ತ್ವ ಒಂದೇ. ಬಾನುಲಿಯ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು. ಆದರೂ ಸಮುದಾಯ ಬಾನುಲಿಗೆ ವಿದ್ಯಾಸಂಸ್ಥೆಗಳಿಗೆ ಅನುಮತಿ ದೊರೆತದ್ದು 2002ರ ಅಂತ್ಯದಲ್ಲಿ, ಸಾಮಾಜಿಕ ಸಂಸ್ಥೆಗಳಿಗೆ 2006ರಲ್ಲಿ. ಆ ನಡುವೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರ ತಲೆಯೆತ್ತಿತು. ವಾಯ್ಸಸ್ ಮತ್ತು ಮೈರಾಡಾ ಸಂಸ್ಥೆಗಳು ಯುನೆಸ್ಕೋದ ನೆರವಿನಿಂದ ಇದಕ್ಕೆ ಒತ್ತಾಸೆಯಾದವು. ಅಲೆಯ ಮೂಲಕ ಬಿತ್ತರಿಸಲು ಪರವಾನಗಿಯಿಲ್ಲದ ಆ ಕಾಲದಲ್ಲಿ ಊರವರು ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಲಾಯಿತು. ಸ್ವಸಹಾಯ ಸಂಘಗಳ ಮಹಿಳೆಯರು ತಮ್ಮ ಮಾತನ್ನು ತಾವೇ ಧ್ವನಿಮುದ್ರಿಸಿಕೊಂಡರು.

ಎರಡನೆಯದು ಬೇಸಾಯಕ್ಕೆ ಸಂಬಂಧಿಸಿದ್ದು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 2006ರಲ್ಲಿ ರಿಕಿನ್ ಗಾಂಧಿ ಮತ್ತು ಅವರ ಸಹೋದ್ಯೋಗಿಗಳು 'ಡಿಜಿಟಲ್ ಗ್ರೀನ್' ಎಂಬ ಪ್ರಯೋಗವನ್ನು ಆರಂಭಿಸಿದರು. ಗ್ರೀನ್ ಫೌಂಡೇಷನ್ ಎಂಬ ಸ್ವಯಂಸೇವಾ ಸಂಸ್ಥೆಯೊಡಗೂಡಿ ಕರ್ನಾಟಕದ ಹಳ್ಳಿಗಳಲ್ಲಿ ಇದು ನಡೆಯಿತು. ಕೃಷಿ ವಿಸ್ತರಣಾ ಕಾರ್ಯಕರ್ತನು ಊರೂರಿಗೆ ಹೋಗಿ ಭಾಷಣ ಮಾಡುವ ಬದಲು, ಹೊಸ ಪದ್ಧತಿಯನ್ನು ಅನುಸರಿಸಿದ ರೈತನೇ ತನ್ನ ಹೊಲದಲ್ಲಿ ನಿಂತು ಅದನ್ನು ಮಾಡಿ ತೋರಿಸುವುದನ್ನು ಚಿತ್ರಿಸಲಾಯಿತು. ಅಜೋಲಾ ಬೆಳೆಸುವುದು ಮುಂತಾದ, ಸಣ್ಣ ಹಿಡುವಳಿದಾರನ ಕೈಗೆ ಎಟಕುವ ವಿಷಯಗಳು ಅವು. ಸಂಜೆಯ ಹೊತ್ತು ಊರಿನವನೇ ಆದ ಒಬ್ಬ ಕಾರ್ಯಕರ್ತ ಅದನ್ನು ಟೆಲಿವಿಷನ್ ಪೆಟ್ಟಿಗೆಯಲ್ಲಿ ತೋರಿಸುತ್ತ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ, ಯಾರು ಇದನ್ನು ಮಾಡಿ ನೋಡುವಿರೆಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದನು.

2009ರಲ್ಲಿ ಪ್ರಕಟವಾದ ವರದಿಯಂತೆ 16 ಹಳ್ಳಿಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಹಿಂದಿನ ಪದ್ಧತಿಗೆ ಹೋಲಿಸಿದರೆ ಕೆಲವು ಕೃಷಿಕ್ರಮಗಳನ್ನು ಆರರಿಂದ ಏಳು ಪಟ್ಟು ಹೆಚ್ಚು ಮಂದಿ ಅಳವಡಿಸಿಕೊಂಡರು. ಖರ್ಚಿನ ದೃಷ್ಟಿಯಿಂದ ನೋಡಿದರೆ ಫಲ ಸುಮಾರು ಹತ್ತು ಪಟ್ಟು. ಇದಕ್ಕೆ ಕಾರಣವೇನು? ತೆರೆಯ ಮೇಲೆ ಕಾಣುವವನು ಪಟ್ಟಣದ ಪಂಡಿತನಲ್ಲ. ತಮ್ಮಂತೆಯೇ ಪಂಚೆಯುಟ್ಟು, ತಮ್ಮ ಮಾತನ್ನೇ ಆಡುವ ಸಾಮಾನ್ಯ ರೈತ. "ಅವನು ಮಾಡಿದನೆಂದರೆ ನಾನೇಕೆ ಮಾಡಬಾರದು?" ಎಂಬ ಭಾವನೆ ನೋಡುವವನಲ್ಲಿ ಹುಟ್ಟುತ್ತದೆ. ತಾನೂ ಒಮ್ಮೆ ತೆರೆಯ ಮೇಲೆ ಕಾಣಬೇಕೆಂಬ ಆಸೆಯೂ ಸೇರುತ್ತದೆ. ಯಂತ್ರಕ್ಕಿಂತ ಮನುಷ್ಯ ಸಂಬಂಧವೇ ಇಲ್ಲಿ ಫಲಕಾರಿಯಾದುದೆಂದು ಆ ವರದಿಯನ್ನು ಬರೆದವರೇ ಒಪ್ಪಿದ್ದಾರೆ. 2008ರಲ್ಲಿ ಸ್ವತಂತ್ರ ಸಂಸ್ಥೆಯಾದ ಡಿಜಿಟಲ್ ಗ್ರೀನ್ ಅನಂತರ ಬೇರೆ ರಾಜ್ಯಗಳಿಗೂ ಇಥಿಯೋಪಿಯಾದಂತಹ ಹೊರದೇಶಕ್ಕೂ ಹರಡಿತು.

ಹೀಗಿದ್ದರೂ ಒಂದು ಭೇದವನ್ನು ಮರೆಯಲಾಗದು. ಬೂದಿಕೋಟೆಯಲ್ಲಿಯೂ ಪಸ್ತಾಪುರದಲ್ಲಿಯೂ ಏನನ್ನು ಹೇಳಬೇಕೆಂದು ನಿಶ್ಚಯಿಸಿದವರು ಜನರೇ. ಕೃಷಿ ವಿಡಿಯೋದಲ್ಲಿ ರೈತನು ಕಾಣಿಸಿಕೊಂಡರೂ ಯಾವ ವಿಷಯವನ್ನು ಹಬ್ಬಿಸಬೇಕೆಂಬ ತೀರ್ಮಾನದಲ್ಲಿ ಸಂಸ್ಥೆಯ ಪಾಲು ಹೆಚ್ಚು. ಮೊದಲನೆಯದು ಹಕ್ಕಿನ ಮಾತು, ಎರಡನೆಯದು ತಿಳಿವಿನ ಹಂಚಿಕೆ. ಎರಡೂ ಬೇಕು; ಆದರೆ ಎರಡೂ ಒಂದೇ ಅಲ್ಲ.

ಕಾರ್ಯವಿಧಾನ

ಈ ಕಾರ್ಯ ನಡೆಯುವ ಕ್ರಮವನ್ನು ಸಂಕ್ಷೇಪವಾಗಿ ವಿವರಿಸಬಹುದು. ಹತ್ತು ಹನ್ನೆರಡು ಮಂದಿಯ ಗುಂಪು ವೃತ್ತಾಕಾರವಾಗಿ ಕುಳಿತುಕೊಳ್ಳುತ್ತದೆ. ಕ್ಯಾಮರಾ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಪಕ್ಕದವರನ್ನು ಚಿತ್ರಿಸುತ್ತಾರೆ. ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ತಮ್ಮ ಬಗೆಗೆ ಒಂದು ಮಾತನ್ನೂ ಹೇಳುತ್ತಾರೆ. ಆ ಕೂಡಲೇ ಅದನ್ನು ಎಲ್ಲರೂ ನೋಡುತ್ತಾರೆ. ತಮ್ಮ ಮುಖವನ್ನೂ ಧ್ವನಿಯನ್ನೂ ಮೊದಲ ಬಾರಿಗೆ ಹೊರಗಿನಿಂದ ಕಂಡ ನಾಚಿಕೆ, ನಗು ಮುಗಿದ ಮೇಲೆ ಭಯ ಅರ್ಧ ಕಳೆದಿರುತ್ತದೆ. ತಪ್ಪಾದರೆ ಅಳಿಸಬಹುದೆಂಬ ಅರಿವು ಉಳಿದರ್ಧವನ್ನು ಕಳೆಯುತ್ತದೆ.

ಮುಂದಿನ ಹೆಜ್ಜೆ ವಿಷಯದ ಆಯ್ಕೆ. ಗುಂಪು ತನ್ನ ತೊಂದರೆಗಳನ್ನು ಎಣಿಸಿ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಅನಂತರ ಕಥೆಯನ್ನು ನೆಲದ ಮೇಲೆ ಅಥವಾ ಕಾಗದದ ಮೇಲೆ ಚೌಕಗಳಲ್ಲಿ ಬಿಡಿಸಿಕೊಳ್ಳುತ್ತಾರೆ. ಅಕ್ಷರ ಬಾರದವರಿಗೂ ಇದು ಕಷ್ಟವಲ್ಲ. ರಂಗೋಲಿ ಹಾಕುವ ಕೈಗೆ ಗೆರೆ ಹೊಸತೇನೂ ಅಲ್ಲ. ಬಳಿಕ ಚಿತ್ರೀಕರಣ, ಸಂಜೆ ಪ್ರದರ್ಶನ, ಚರ್ಚೆ, ತಿದ್ದುಪಡಿ, ಮತ್ತೆ ಚಿತ್ರೀಕರಣ. ಕೊನೆಯಲ್ಲಿ ಊರಿನ ಒಪ್ಪಿಗೆ ಪಡೆದು ಗ್ರಾಮಸಭೆಯ ಮುಂದೆಯೋ ತಾಲ್ಲೂಕಿನ ಅಧಿಕಾರಿಗಳ ಮುಂದೆಯೋ ಪ್ರದರ್ಶನ. ಅವರ ಉತ್ತರವನ್ನೂ ಚಿತ್ರಿಸಿಕೊಂಡು ಊರಿಗೆ ತಂದು ತೋರಿಸಿದರೆ ವರ್ತುಲ ಪೂರ್ಣವಾಗುತ್ತದೆ. ಉತ್ತರ ಬಾರದ ಚಿತ್ರ ಅಂಚೆಗೆ ಹಾಕದ ಕಾಗದದಂತೆ ನಿಷ್ಫಲ.

ಎಚ್ಚರದ ಮಾತುಗಳು

ಈ ಸಾಧನಕ್ಕೆ ದೋಷಗಳಿಲ್ಲವೆಂದಲ್ಲ. ಮೊದಲನೆಯದು, 'ಸಮುದಾಯ' ಎಂಬ ಒಂದು ಪದದೊಳಗೆ ಹಲವು ಮೇಲುಕೀಳುಗಳು ಅಡಗಿರುತ್ತವೆ. ಕ್ಯಾಮರಾವನ್ನು ಊರ ನಡುವೆ ಇಟ್ಟರೆ ಅದನ್ನು ಮೊದಲು ಎತ್ತಿಕೊಳ್ಳುವವನು ಮಾತುಬಲ್ಲ ಯುವಕನೇ ಹೊರತು ವಿಧವೆಯಲ್ಲ, ಊರಾಚೆಯ ಕೇರಿಯವನಲ್ಲ. ಹಿಂದೆ ಕುಳಿತವರನ್ನು ಮುಂದೆ ಕರೆಯದಿದ್ದರೆ ಹಳೆಯ ಅಸಮಾನತೆಗೆ ಹೊಸ ಯಂತ್ರ ದೊರೆತಂತಾಗುತ್ತದೆ.

ಎರಡನೆಯದು, ಸುರಕ್ಷಿತತೆ. ದೌರ್ಜನ್ಯಕ್ಕೊಳಗಾದವರು ಧೈರ್ಯದಿಂದ ಮಾತನಾಡಿದ ಚಿತ್ರ ಹೊರಬಿದ್ದ ಮೇಲೆ ಅವರು ಅದೇ ಊರಿನಲ್ಲಿ, ಅದೇ ಜನರ ನಡುವೆ ಬಾಳಬೇಕು. ಚಿತ್ರ ಮಾಡಿದ ಸಂಸ್ಥೆಯವರು ಆ ರಾತ್ರಿ ಅಲ್ಲಿರುವುದಿಲ್ಲ. ಆದುದರಿಂದ ಮುಖ ತೋರಿಸಬೇಕೆ, ಹೆಸರು ಹೇಳಬೇಕೆ, ಚಿತ್ರ ಎಲ್ಲಿಯವರೆಗೆ ಹೋಗಬೇಕು ಎಂಬುದನ್ನು ಅವರೇ ನಿರ್ಧರಿಸಬೇಕು. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಸ್ವಾತಂತ್ರ್ಯವೂ ಅವರಿಗಿರಬೇಕು. ಮಕ್ಕಳ ವಿಷಯದಲ್ಲಂತೂ ಎಚ್ಚರ ಇಮ್ಮಡಿಯಾಗಬೇಕು. ದೌರ್ಜನ್ಯಕ್ಕೊಳಗಾದ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು 2012ರ ಕಾಯಿದೆ ನಿಷೇಧಿಸಿದೆ.

ಮೂರನೆಯದು, ಇಂದು ಕ್ಯಾಮರಾ ಎಲ್ಲರ ಜೇಬಿನಲ್ಲಿದೆಯೆಂಬ ಭ್ರಮೆ. ಮೊಬೈಲ್ ಫೋನಿನಿಂದ ಯಂತ್ರದ ಅಭಾವ ನೀಗಿದೆ, ನಿಜ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಕೇಶತೈಲ ಮೊಬೈಲ್ ವಿಡಿಯೋಗಳ ಮೂಲಕವೇ ದೇಶಾದ್ಯಂತ ಹೆಸರಾಯಿತು. ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿಯೂ ಅದೇ ಬುಡಕಟ್ಟಿನವರು ನೆಲೆಸಿದ್ದಾರೆ. ತಮ್ಮ ಸರಕನ್ನು ತಾವೇ ಲೋಕಕ್ಕೆ ತೋರಿಸಬಲ್ಲವರಾದುದು ಸಣ್ಣ ಸಾಧನೆಯಲ್ಲ. ಆದರೆ ಸರಕಿನ ಮಾತು ಕೇಳುವಷ್ಟು ಆಸಕ್ತಿಯಿಂದ ಅವರ ಭೂಮಿಯ, ಭಾಷೆಯ, ಮಕ್ಕಳ ಓದಿನ ಮಾತನ್ನು ಲೋಕ ಕೇಳುವುದೆ? ಒಬ್ಬೊಬ್ಬರು ಒಂಟಿಯಾಗಿ ಮಾಡಿದ ಸಾವಿರ ಚಿತ್ರಗಳು ಸೇರಿದರೂ ಅದು ಸಮುದಾಯದ ಚಿತ್ರವಾಗದು. ಒಟ್ಟಿಗೆ ಕುಳಿತು ಆಲೋಚಿಸುವುದನ್ನು ಯಾವ ಯಂತ್ರವೂ ನಮಗಾಗಿ ಮಾಡಿಕೊಡಲಾರದು.

ನಮ್ಮ ಜಿಲ್ಲೆ, ನಮ್ಮ ಶಾಲೆ

ಹಾಸನ ಜಿಲ್ಲೆಯಲ್ಲಿ ಇಂತಹ ಕಾರ್ಯಕ್ಕೆ ವಿಷಯಗಳ ಅಭಾವವಿಲ್ಲ. ಇಲ್ಲಿನ ಗೊರೂರಿನವರಾದ ರಾಮಸ್ವಾಮಿ ಅಯ್ಯಂಗಾರ್ಯರು 'ಹಳ್ಳಿಯ ಚಿತ್ರಗಳು' ಎಂಬ ಕೃತಿಯಿಂದ ನಾಡಿಗೆ ಹಳ್ಳಿಯನ್ನು ಪರಿಚಯಿಸಿದರು. ಅದೇ ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಮಳೆಗಾಲದಲ್ಲಿ ಅರೆಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯ ಚಿತ್ರವನ್ನು ದೂರದೂರದಿಂದ ಬಂದ ಪ್ರವಾಸಿಗರು ತೆಗೆದುಕೊಂಡು ಹೋಗುತ್ತಾರೆ. ಆದರೆ ಅದರ ಸುತ್ತಲಿದ್ದ ಹೊಲ, ಮನೆ, ಬಾವಿಗಳನ್ನು ಕಂಡಿದ್ದ ಹಿರಿಯರ ನೆನಪನ್ನು ಯಾರು ಚಿತ್ರಿಸಿದ್ದಾರೆ? ಆ ಹಿರಿಯರಿಗೆ ಈಗ ವಯಸ್ಸಾಗಿದೆ. ಅವರ ಮೊಮ್ಮಕ್ಕಳು ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಓದುತ್ತಿದ್ದಾರೆ. ಅಜ್ಜನ ಮಾತನ್ನು ಮೊಮ್ಮಗಳು ಚಿತ್ರಿಸಿಕೊಳ್ಳಲು ಇನ್ನು ಹೆಚ್ಚು ಕಾಲ ಉಳಿದಿಲ್ಲ.

ಹಾಗೆಯೇ ಆಲೂರು, ಸಕಲೇಶಪುರಗಳ ಕಡೆ ಕಾಡಾನೆಯ ಭಯದಲ್ಲಿ ಬೆಳಗಿನ ಜಾವ ತೋಟಕ್ಕೆ ನಡೆಯುವ ಕೂಲಿಯವರಿದ್ದಾರೆ. ಮೋಡ ಕವಿದು ತೇವ ಹೆಚ್ಚಿದ ದಿನಗಳಲ್ಲಿ ಆಲೂಗೆಡ್ಡೆಗೆ ಅಂಗಮಾರಿ ತಗುಲಿ ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗುವುದನ್ನು ಕಂಡ ರೈತರಿದ್ದಾರೆ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರು, ಚನ್ನರಾಯಪಟ್ಟಣದ ತೆಂಗಿನ ಬೆಳೆಗಾರರು, ಹೊಳೆನರಸೀಪುರದ ನದೀತೀರದ ಬಡಾವಣೆಗಳವರು, ಇವರೆಲ್ಲರ ಬಗೆಗೂ ಬೇರೆಯವರು ಬರೆದ ವರದಿಗಳಿವೆ. ಅವರೇ ನೋಡಿ, ಅವರೇ ಹೇಳಿದ್ದು ಕಡಿಮೆ.

ಒಂದು ಪ್ರೌಢಶಾಲೆ ಈ ಕೆಲಸವನ್ನು ಮಾಡಬಲ್ಲದೆ? ಮಾಡಬಲ್ಲದೆಂದೇ ನಮ್ಮ ನಂಬಿಕೆ. ಇದಕ್ಕೆ ಬೇಕಾದ ಯಂತ್ರ ಒಂದು ಸಾಧಾರಣ ಮೊಬೈಲ್, ಅದನ್ನು ಅಲುಗದಂತೆ ನಿಲ್ಲಿಸುವ ಒಂದು ಮುಕ್ಕಾಲಿ, ಮಾತು ಸ್ಪಷ್ಟವಾಗಿ ಕೇಳಲು ಒಂದು ಚಿಕ್ಕ ಮೈಕು, ಗೋಡೆಯ ಮೇಲೆ ತೋರಿಸಲು ಒಂದು ಪ್ರೊಜೆಕ್ಟರು. ಯಂತ್ರಕ್ಕಿಂತ ದುರ್ಲಭವಾದುದು, ವಾರಕ್ಕೊಂದು ಸಂಜೆಯನ್ನು ಮಕ್ಕಳೊಡನೆ ಕೇರಿಯಲ್ಲಿ ಕಳೆಯಬಲ್ಲ, ಮಾತನಾಡುವುದಕ್ಕಿಂತ ಹೆಚ್ಚಾಗಿ ಕೇಳಬಲ್ಲ ಅಧ್ಯಾಪಕ. ಆದುದರಿಂದ ಉದಾರಿಗಳಾದ ದಾನಿಗಳು ಯಂತ್ರವನ್ನು ಕೊಡಿಸಿ ಹೆಸರು ಕೆತ್ತಿಸುವುದರ ಜೊತೆಗೆ, ಆ ಅಧ್ಯಾಪಕನ ವೇಳೆಗೂ ಮಕ್ಕಳ ಪ್ರಯಾಣಕ್ಕೂ ಎರಡು ಮೂರು ವರ್ಷಗಳ ಕಾಲ ಆಸರೆಯಾದರೆ ಅದು ಸಾರ್ಥಕ ದಾನವಾದೀತು. ಹಣ ನಿಂತೊಡನೆ ನಿಂತುಹೋದ ಪ್ರಯೋಗಗಳು ನಾಡಿನಲ್ಲಿ ಹಲವಿವೆ.

ಕೊನೆಗೊಂದು ಮಾತನ್ನು ಸಂಕೋಚದಿಂದಲೇ ನಿವೇದಿಸಬೇಕಾಗಿದೆ. ಇಂತಹ ಸ್ಮರಣ ಸಂಚಿಕೆಗಳ ಪುಟಗಳನ್ನು ತಿರುವಿದರೆ, ಪುಸ್ತಕವನ್ನೋ ಸಮವಸ್ತ್ರವನ್ನೋ ಸ್ವೀಕರಿಸುತ್ತ ನಿಂತ ಬಡಮಗುವಿನ ಛಾಯಾಚಿತ್ರ ಒಂದಾದರೂ ಇದ್ದೇ ಇರುತ್ತದೆ. ಕೊಟ್ಟವರ ಹೆಸರು ಕೆಳಗೆ ಅಚ್ಚಾಗಿರುತ್ತದೆ; ಮಗುವಿನ ಹೆಸರು ಇರುವುದಿಲ್ಲ. ಚಿತ್ರ ಬಹುಮಟ್ಟಿಗೆ ಮೇಲಿನಿಂದ ತೆಗೆದದ್ದಾಗಿರುತ್ತದೆ. ಪಸ್ತಾಪುರದ ತಾಯಂದಿರು ಅದನ್ನು ಕಂಡರೆ ಏನೆಂದು ಕರೆದಾರೆಂಬುದು ಈಗ ವಾಚಕರಿಗೆ ತಿಳಿದಿದೆ. ಆ ಚಿತ್ರದ ಹಿಂದಿರುವ ಸದ್ಭಾವನೆಯನ್ನು ಯಾರೂ ಶಂಕಿಸಲಾರರು. ಆದರೆ ಆ ಮಗು ನಾಳೆ ಹಳೆಯ ವಿದ್ಯಾರ್ಥಿಯಾಗಿ, ಪ್ರಾಯಶಃ ತಾನೇ ದಾನಿಯಾಗಿ, ಅದೇ ಪುಟವನ್ನು ತೆರೆದಾಗ ತನ್ನನ್ನು ಹೇಗೆ ಕಾಣಬಯಸೀತು? ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಉತ್ತರವನ್ನು ಬಲ್ಲರು. ಏಕೆಂದರೆ ಒಂದು ಕಾಲದಲ್ಲಿ ಅವರೂ ಹಾಗೆ ನಿಂತಿದ್ದವರೇ.

ವಿದ್ಯೆಯ ಪರಮ ಪ್ರಯೋಜನ ತಲೆತಗ್ಗಿಸಿದವನು ತಲೆಯೆತ್ತಿ, ಎದುರಿನವನನ್ನು ಕಣ್ಣಿಗೆ ಕಣ್ಣು ಸಮನಾಗಿ ನೋಡುವಂತಾಗುವುದು. ಅಕ್ಷರ ಆ ಕೆಲಸವನ್ನು ನೂರಾರು ವರ್ಷಗಳಿಂದ ಮಾಡುತ್ತ ಬಂದಿದೆ. ಅಕ್ಷರದ ಜೊತೆಗೆ ಕ್ಯಾಮರಾವೂ ಅದೇ ಕೆಲಸಕ್ಕೆ ನೆರವಾಗಬಲ್ಲದು, ಅದನ್ನು ಸರಿಯಾದ ಕೈಗೆ ಒಪ್ಪಿಸುವ ಮನಸ್ಸು ನಮಗಿದ್ದರೆ. ಮುಂದಿನ ವರ್ಷದ ಸಂಚಿಕೆಗೆ ಚಿತ್ರಗಳನ್ನು ಮಕ್ಕಳೇ ತೆಗೆದುಕೊಡಲಿ, ಅವುಗಳ ಕೆಳಗೆ ಅವರ ಮಾತೇ ಇರಲಿ. ಆರಂಭಕ್ಕೆ ಅಷ್ಟು ಸಾಕು.